ಎರಡು ಬಿಂಬ ಒಂದಾಗದಿದ್ದಾಗ

ಕಪಾಟಿನಲ್ಲಿ ಕೂತ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ? ಮಲೆನಾಡಿನ ಮಬ್ಬು ಬೆಳಕು ಮುಂದಿಡುವ ಈ ಪ್ರಶ್ನೆಯಲ್ಲಿ ರೇಖಾಗಣಿತವಿದೆ, ಕಣ್ಣಿನ ಕಥೆಯಿದೆ, ಒಂದಿಷ್ಟು ಮನಸ್ಸಿನ ಕಥೆಯೂ ಇದೆ.

ಶೃಂಗೇರಿ ತಾಲ್ಲೂಕಿನ ಬೇಗಾರ್ ಕಡೆ ಫೋಟೊ ತೆಗೆಯುವ ಹವ್ಯಾಸ ಹಚ್ಚಿಕೊಂಡವರು ಮೊದಲು ಗುದ್ದಾಡಬೇಕಾದದ್ದು ಬೆಳಕಿನ ಜೊತೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇಲ್ಲಿಗೆ ದೂರವೇನಲ್ಲ. ಜೂನ್‌ನಲ್ಲಿ ಕವಿದ ಮೋಡ ಸೆಪ್ಟೆಂಬರ್‌ವರೆಗೂ ಸರಿಯಾಗಿ ಬಿಡುವುದಿಲ್ಲ. ಮಳೆಗಾಲ ಮುಗಿದ ಮೇಲೂ ಅಡಕೆ ತೋಟದೊಳಗೆ ನಡುಹಗಲಿನಲ್ಲೇ ನೆರಳು. ಹಳೆಯ ಹೆಂಚಿನ ಮನೆಗಳ ಒಳಗೆ ಬೆಳಕು ಇಳಿಯುವುದು ಮಾಡಿನ ನಡುವೆ ಕೂರಿಸಿದ ಒಂದೆರಡು ಗಾಜಿನ ಹೆಂಚುಗಳಿಂದ.

ಅದಿರಲಿ, ಇಲ್ಲಿ ಫೋಟೊ ತೆಗೆಯಬೇಕೆನಿಸುವ ಸಂದರ್ಭಗಳೂ ಬಹುಪಾಲು ರಾತ್ರಿಯವೇ. ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಮಾತಾಡುತ್ತಾ ಅಡಕೆ ಸುಲಿಯುವವರ ಸಾಲು, ಬಯಲಾಟದ ಚೌಕಿಯಲ್ಲಿ ಕೈಗನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುವ ವೇಷಧಾರಿ, ಕಾರ್ತಿಕದ ದೀಪಗಳ ಎದುರು ನಿಂತ ಮನೆಮಂದಿ. ಇವೆಲ್ಲ ಫ್ಲಾಶ್ ಹೊಡೆದರೆ ಕೆಟ್ಟುಹೋಗುವ ಚಿತ್ರಗಳು. ದೀಪದ ಬೆಳಕಿನಲ್ಲೇ ತೆಗೆಯಬೇಕು. ಅಲ್ಲಿಯೇ ರೇಂಜ್‌ಫೈಂಡರ್ ಕ್ಯಾಮೆರಾ ಇಟ್ಟುಕೊಂಡವರಿಗೆ ಪೇಚಾಟ ಶುರುವಾಗುವುದು.

ಪೆನ್ಸಿಲ್ ಹಿಡಿದು ನೋಡಿ

ರೇಂಜ್‌ಫೈಂಡರ್ ಎಂದರೆ ದೂರ ಅಳೆಯುವ ಸಾಧನ. ಅದರ ಗುಟ್ಟು ನಿಮ್ಮ ಮುಖದಲ್ಲೇ ಇದೆ. ಒಂದು ಪೆನ್ಸಿಲನ್ನು ಕೈಚಾಚಿ ನೆಟ್ಟಗೆ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಪೆನ್ಸಿಲ್ ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಪೆನ್ಸಿಲ್ ಹತ್ತಿರ ತಂದರೆ ಜಿಗಿತ ಹೆಚ್ಚು, ದೂರ ಒಯ್ದರೆ ಕಡಿಮೆ. ಜಿಗಿತ ಎಷ್ಟೆಂದು ಗೊತ್ತಾದರೆ ದೂರ ಎಷ್ಟೆಂದು ಲೆಕ್ಕ ಹಾಕಬಹುದು.

ಕ್ಯಾಮೆರಾದಲ್ಲಿಯೂ ಹೀಗೆಯೇ ಎರಡು ಕಿಟಕಿಗಳಿರುತ್ತವೆ. ಒಂದು ಕಿಟಕಿಯಿಂದ ನೀವು ನೇರವಾಗಿ ನೋಡುತ್ತೀರಿ. ಇನ್ನೊಂದರಿಂದ ಬಂದ ಬಿಂಬವನ್ನು ಸಣ್ಣದೊಂದು ಕನ್ನಡಿಯೋ ಪಟ್ಟಕವೋ ತಿರುಗಿಸಿ ತಂದು, ಅರೆಪಾರದರ್ಶಕ ಕನ್ನಡಿಯ ಮೂಲಕ ಮೊದಲ ಬಿಂಬದ ನಟ್ಟನಡುವೆ ಒಂದು ಚಿಕ್ಕ ಚೌಕದಲ್ಲಿ ಇಳಿಸುತ್ತದೆ. ಮಸೂರದ ಉಂಗುರ ತಿರುಗಿಸಿದಂತೆ ಆ ಎರಡನೆಯ ಬಿಂಬ ಪಕ್ಕಕ್ಕೆ ಸರಿಯುತ್ತದೆ. ಎರಡೂ ಒಂದರ ಮೇಲೊಂದು ಕೂತು ಒಂದೇ ಆದಾಗ ಫೋಕಸ್ ಸರಿಯಾಯಿತು ಎಂದರ್ಥ.

ಮಸೂರಕ್ಕೆ ಜೋಡಿಸಿದ ಇಂಥ ದೂರಮಾಪಕ 1916ರಲ್ಲೇ ಕೊಡಾಕ್ ಕಂಪನಿಯ ಒಂದು ಮಡಚುವ ಕ್ಯಾಮೆರಾದಲ್ಲಿ ಬಂದಿತ್ತು. 35 ಮಿ.ಮೀ. ಫಿಲಂನ ಚಿಕ್ಕ ಕ್ಯಾಮೆರಾಗಳಿಗೆ ಅದು ಬಂದದ್ದು 1932ರಲ್ಲಿ, ಜರ್ಮನಿಯ ಲೈಕಾ ಮತ್ತು ಕಾಂಟ್ಯಾಕ್ಸ್ ಮೂಲಕ. ಲೈಕಾ ಎಂ3 ಬಂದದ್ದು 1954ರಲ್ಲಿ. ಜಪಾನಿನ ಯಾಶಿಕಾ ಎಲೆಕ್ಟ್ರೋ 35 ಬಂದದ್ದು 1966ರಲ್ಲಿ.

ಗಣಿತದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಒಂದು ಭುಜದ ಉದ್ದ ಮತ್ತು ಅದರ ತುದಿಯ ಕೋನಗಳು ತಿಳಿದರೆ ತ್ರಿಭುಜದ ಉಳಿದ ಭುಜಗಳನ್ನು ಕಂಡುಹಿಡಿಯಬಹುದಷ್ಟೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು 12 ಕಿ.ಮೀ. ಉದ್ದದ ಆಧಾರರೇಖೆ ಅಳೆದು, ಅಲ್ಲಿಂದ ತ್ರಿಭುಜಗಳ ಸರಪಳಿ ಹೆಣೆಯುತ್ತಾ ಮೈಸೂರು ಸೀಮೆ ದಾಟಿ ಮಂಗಳೂರಿನ ಕಡಲತೀರದವರೆಗೆ ಬಂದದ್ದು ಇದೇ ತತ್ವದಿಂದ. ಲೆಕ್ಕ ತಾಳೆ ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆ ಅಳೆದರು. ವ್ಯತ್ಯಾಸ ಇಷ್ಟೆ: ಲ್ಯಾಂಬ್ಟನ್ನನ ಆಧಾರರೇಖೆ ಕಿಲೋಮೀಟರುಗಳಲ್ಲಿತ್ತು, ಕ್ಯಾಮೆರಾದ್ದು ಕೆಲವೇ ಸೆಂಟಿಮೀಟರು.

ಕೋನದ ಲೆಕ್ಕ

ಎರಡು ಕಿಟಕಿಗಳ ನಡುವೆ 4 ಸೆಂ.ಮೀ. ಅಂತರವಿದೆ ಎನ್ನಿ. 3 ಮೀಟರ್ ದೂರದಲ್ಲಿ ಕೂತವರ ಮುಖಕ್ಕೆ ಫೋಕಸ್ ಮಾಡಬೇಕು. ಅವರು 20 ಸೆಂ.ಮೀ. ಹಿಂದಕ್ಕೆ ಸರಿದರೆ ಆ ಕೋನದಲ್ಲಾಗುವ ಬದಲಾವಣೆ ಒಂದು ಡಿಗ್ರಿಯ 20ರಲ್ಲಿ ಒಂದು ಪಾಲು. ಒಂದು ಡಿಗ್ರಿಗೆ 60 ಕಲೆಗಳಾದರೆ ಇದು 3 ಕಲೆಗಳಷ್ಟು. ಒಳ್ಳೆಯ ಬೆಳಕಿನಲ್ಲಿ ಆರೋಗ್ಯವಂತ ಕಣ್ಣು ಸುಮಾರು 1 ಕಲೆಯಷ್ಟು ಸೂಕ್ಷ್ಮವನ್ನು ಗುರುತಿಸಬಲ್ಲದು. ಹಾಗಾಗಿ ಹಗಲಲ್ಲಿ ತೊಂದರೆಯೇ ಇಲ್ಲ. ಬೆಳಕು ಇಳಿದಂತೆ ಕಣ್ಣಿನ ಈ ಶಕ್ತಿ ಹಲವು ಪಟ್ಟು ಕುಗ್ಗುತ್ತದೆ. ಆಗ 3 ಕಲೆಗಳ ಅಂತರ ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಬೀಳುತ್ತದೆ.

20 ಸೆಂ.ಮೀ. ಹೆಚ್ಚುಕಮ್ಮಿಯಾದರೆ ಏನಾಯಿತು ಎಂದು ನೀವು ಕೇಳಬಹುದು. ಹಗಲಲ್ಲಿ ಏನೂ ಆಗುವುದಿಲ್ಲ. 50 ಮಿ.ಮೀ. ಮಸೂರದ ರಂಧ್ರವನ್ನು ಎಫ್/8ಕ್ಕೆ ಕಿರಿದು ಮಾಡಿ 3 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 2.3 ಮೀಟರಿನಿಂದ 4.2 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿಯೇ ಮೂಡುತ್ತದೆ. ರಾತ್ರಿ ಮನೆಯೊಳಗಿನ ದೀಪಕ್ಕೆ 400 ವೇಗದ ಫಿಲಂ ಹಾಕಿದರೂ ರಂಧ್ರವನ್ನು ಎಫ್/2ರಷ್ಟು ಅಗಲಿಸಬೇಕು, ಷಟರ್ ಸೆಕೆಂಡಿನ 30ನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಆಗ ಸ್ಪಷ್ಟತೆ ಸಿಗುವುದು 2.8 ಮೀಟರಿನಿಂದ 3.2 ಮೀಟರಿನವರೆಗೆ ಮಾತ್ರ. ಒಂದು ಮೊಳಕ್ಕಿಂತ ಕಡಿಮೆ! ಅಂದರೆ ಫೋಕಸ್ ಅತ್ಯಂತ ನಿಖರವಾಗಿರಬೇಕಾದ ಹೊತ್ತಿಗೇ ಕಣ್ಣಿಗೆ ಅದನ್ನು ನೋಡುವ ಶಕ್ತಿ ಕಡಿಮೆ. ಸಮಸ್ಯೆಯ ತಿರುಳು ಇದು.

ಕಣ್ಣು ನಡುವೆಯೇ ಕುರುಡು

ಇನ್ನೊಂದು ವಿಚಿತ್ರ ಕೇಳಿ. ನಮ್ಮ ಅಕ್ಷಿಪಟಲದ ನಟ್ಟನಡುವಿನ ಜಾಗದಲ್ಲಿ ಇರುವುದು ಶಂಕುವಿನಾಕಾರದ ಕೋಶಗಳು ಮಾತ್ರ. ಅವು ಬಣ್ಣ, ಸೂಕ್ಷ್ಮ ಗೆರೆ ಎಲ್ಲವನ್ನೂ ಚೆನ್ನಾಗಿ ಕಾಣುತ್ತವೆ, ಆದರೆ ಬೆಳಕು ಬೇಕು. ಕತ್ತಲಲ್ಲಿ ದುಡಿಯುವ ಕಡ್ಡಿಯಾಕಾರದ ಕೋಶಗಳು ಇರುವುದು ಅದರ ಸುತ್ತ. ಅದಕ್ಕೇ ಮಂಕಾದ ನಕ್ಷತ್ರವನ್ನು ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ಕೊಂಚ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ರೇಂಜ್‌ಫೈಂಡರಿನ ಚೌಕ ಇರುವುದಾದರೂ ಎಲ್ಲಿ? ನೋಟದ ನಟ್ಟನಡುವೆ!

ಸಾಲದ್ದಕ್ಕೆ, ಅರೆಪಾರದರ್ಶಕ ಕನ್ನಡಿ ಬಂದ ಬೆಳಕನ್ನು ಎರಡು ಪಾಲು ಮಾಡುವುದರಿಂದ ಆ ಚೌಕಕ್ಕೆ ಸಿಗುವ ಬೆಳಕೂ ಕಡಿಮೆ. ಹಲವು ದಶಕ ಕಳೆದಾಗ ಆ ಕನ್ನಡಿಯ ಲೇಪ ಮಾಸುತ್ತದೆ, ಎರಡನೆಯ ಬಿಂಬ ಹೊಗೆಯಂತಾಗುತ್ತದೆ. ಬಿಂಬಗಳನ್ನು ಕೂಡಿಸಲು ನೆಟ್ಟಗಿನ ಅಂಚೊಂದು ಬೇಕು. ಕಪ್ಪು ಕಂಬಳಿ ಹೊದ್ದವರ ಮೇಲೆ ಅಂಥ ಅಂಚು ಎಲ್ಲಿ ಸಿಗಬೇಕು? ಎದುರಿಗೆ ಗ್ಯಾಸ್‌ಲೈಟೋ ಬಲ್ಬೋ ಇದ್ದರೆ ಅದರ ಪ್ರಭೆ ಚೌಕವನ್ನೇ ನುಂಗಿಬಿಡುತ್ತದೆ.

ವಯಸ್ಸಿನ ಪಾಲೂ ಇದೆ. ಕತ್ತಲಲ್ಲಿ ಹರೆಯದವರ ಕಣ್ಣ ಪಾಪೆ 7 ಮಿ.ಮೀ.ವರೆಗೆ ಅರಳುತ್ತದೆ. 60 ದಾಟಿದವರಲ್ಲಿ ಅದು 5 ಮಿ.ಮೀ. ಮುಟ್ಟಿದರೆ ಹೆಚ್ಚು. ಒಳಹೋಗುವ ಬೆಳಕು ಅರ್ಧಕ್ಕೆ ಇಳಿಯಿತು ಎಂದಾಯಿತು. ಅಪ್ಪನಿಗೆ ಕಾಣದ್ದು ಮಗಳಿಗೆ ಕಂಡರೆ ಆಶ್ಚರ್ಯವಿಲ್ಲ.

ಹೊಗಳಿಕೆಯೂ ಸುಳ್ಳಲ್ಲ

ಹಾಗಾದರೆ ಮಬ್ಬು ಬೆಳಕಿಗೆ ರೇಂಜ್‌ಫೈಂಡರೇ ಸೈ ಎಂದು ಹಳಬರು ಹೇಳುತ್ತಿದ್ದದ್ದು ಸುಳ್ಳೇ? ಅಲ್ಲ. ಎಸ್.ಎಲ್.ಆರ್. ಕ್ಯಾಮೆರಾದಲ್ಲಿ ನಾವು ಮಸೂರದ ಮೂಲಕವೇ ನೋಡುತ್ತೇವೆ. ಮಸೂರ ಮಂದವಾದರೆ ನೋಟವೂ ಮಂದ. ರೇಂಜ್‌ಫೈಂಡರಿನಲ್ಲಿ ಹಾಗಿಲ್ಲ. ಅದರೊಳಗೆ ಮೇಲೆದ್ದು ಬಡಿಯುವ ಕನ್ನಡಿ ಇಲ್ಲದ್ದರಿಂದ ಅದುರುವಿಕೆಯೂ ಕಡಿಮೆ, ಸದ್ದೂ ಕಡಿಮೆ. ಲೈಕಾ ಎಂ3ರಂಥ ಕ್ಯಾಮೆರಾದಲ್ಲಿ ಕಿಟಕಿಗಳ ಅಂತರ 7 ಸೆಂ.ಮೀ.ಗೆ ಹತ್ತಿರ. ನೋಟವೂ ದೊಡ್ಡದು. ಚೌಕ ಶುಭ್ರವಾಗಿದ್ದು, ಕಣ್ಣು ಚುರುಕಾಗಿದ್ದರೆ ಅದನ್ನು ಮೀರಿಸುವುದು ಕಷ್ಟ. ಚಿಕ್ಕ ಕ್ಯಾಮೆರಾಗಳಲ್ಲಿ ಕಿಟಕಿಗಳು ಹತ್ತಿರ ಹತ್ತಿರ ಇರುತ್ತವೆ, ಅಷ್ಟರಮಟ್ಟಿಗೆ ನಿಖರತೆಯೂ ಕಡಿಮೆ.

ಫೋಕಸ್ಸೇ ಸರ್ವಸ್ವವೂ ಅಲ್ಲ. 1948ರ ಜನವರಿ 30ರ ರಾತ್ರಿ ದೆಹಲಿಯ ಬಿರ್ಲಾ ಭವನದ ಗೇಟಿನ ಬಳಿ, ಗಾಂಧೀಜಿ ಇನ್ನಿಲ್ಲ ಎಂದು ನೆಹರೂ ನೆರೆದ ಜನರಿಗೆ ತಿಳಿಸುತ್ತಿದ್ದಾಗ ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ ತೆಗೆದ ಚಿತ್ರವನ್ನು ನೀವು ನೋಡಿರಬಹುದು. ಕೈಯಲ್ಲಿದ್ದದ್ದು ಲೈಕಾ, ಬೆಳಕು ದೀಪದ್ದು. ಚಿತ್ರ ಮಸುಕಾಗಿದೆ. ಆ ರಾತ್ರಿಯ ತಲ್ಲಣ ಅದರಲ್ಲಿ ಹಾಗೆಯೇ ಉಳಿದಿದೆ. ಆದರೆ ಇತಿಹಾಸದ ಚಿತ್ರಕ್ಕೆ ಒಪ್ಪುವುದು ಮನೆಯ ಅಮ್ಮನ ಮುಖಕ್ಕೆ ಒಪ್ಪುವುದಿಲ್ಲವಲ್ಲ!

ಕಡೂರಿಗೆ ಹೋದ ಕ್ಯಾಮೆರಾ

ನಾನು ನನ್ನ ರೇಂಜ್‌ಫೈಂಡರನ್ನು ಕೈಬಿಟ್ಟದ್ದು ಇದೇ ಕಾರಣಕ್ಕೆ. ಬೊಂಬಾಯಿಯಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪ ಕೊಟ್ಟದ್ದು ಅದು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ದೋಷ ಅದರದ್ದಾಗಿರಲಿಲ್ಲ. ಹಗಲಿನಲ್ಲಿ ಅದು ತೆಗೆದ ಚಿತ್ರಗಳು ಇಂದಿಗೂ ನಮ್ಮ ಮನೆಯ ಗೋಡೆಯ ಮೇಲಿವೆ. ಆದರೆ ನನಗೆ ಬೇಕಿದ್ದದ್ದು ರಾತ್ರಿಯ ಚಿತ್ರ. ಅಡಕೆ ಸುಲಿಯುವ ಯಂತ್ರ ಎಷ್ಟೋ ಮನೆಗಳಿಗೆ ಬಂದಾಗಿದೆ. ದೀಪದ ಕೆಳಗೆ ಸಾಲಾಗಿ ಕೂತು ಕತೆ ಹೇಳುತ್ತಾ ಸುಲಿಯುವ ನೋಟ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿದೆ. ಎಂಬತ್ತು ದಾಟಿದ ಅಮ್ಮ ಆ ಸಾಲಿನಲ್ಲಿ ಕೂತದ್ದನ್ನು ಹಿಡಿದಿಡಬೇಕೆಂದು ಎರಡು ಕೊಯ್ಲುಗಳಲ್ಲಿ ಪ್ರಯತ್ನಿಸಿದೆ. ಹಿಂದಿನ ಕಂಬ ಸ್ಪಷ್ಟ, ಅಮ್ಮ ಮಸುಕು. ಮೂರನೆಯ ವರ್ಷಕ್ಕೆ ಕಾಯುವ ಧೈರ್ಯವಾಗಲಿಲ್ಲ. ತಾನೇ ಫೋಕಸ್ ಮಾಡುವ ಕ್ಯಾಮೆರಾ ತಂದೆ, ಚಿತ್ರ ಬಂತು.

ಹಳೆಯದನ್ನು ಏನು ಮಾಡುವುದು? ಕಡೂರಿನಲ್ಲಿರುವ ತಂಗಿಯ ಮಗ ಡಿಗ್ರಿ ಓದುತ್ತಿದ್ದಾನೆ. "ಮಾವ, ಸುಮ್ನೆ ಇಟ್ಕೊಳ್ಳೋದಾದ್ರೆ ನಂಗೆ ಕೊಡಿ" ಎಂದ. ತಂಗಿಗೆ ಮಾತ್ರ ಆತಂಕ. "ಅಣ್ಣಯ್ಯ, ಓದೋ ಹುಡುಗಂಗೆ ಇನ್ನೊಂದು ಹುಚ್ಚು ಹಿಡಿಸ್ಬೇಡ. ಫಿಲಂಗೆ ದುಡ್ಡು ಯಾರು ಕೊಡೋದು?" ಎಂದಳು.

ಅವಳ ಪ್ರಶ್ನೆ ನ್ಯಾಯವಾದದ್ದೇ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲಂಸ್ 'ಇಂದು' ಹೆಸರಿನಲ್ಲಿ ತಯಾರಿಸುತ್ತಿದ್ದ ಕಪ್ಪು-ಬಿಳುಪು ಫಿಲಂ ಈಗಿಲ್ಲ. ಹೊರದೇಶದ ಫಿಲಂ ಸಿಗುತ್ತದೆ, ಅಗ್ಗವಲ್ಲ. ಹಾಗಾಗಿ ಒಂದು ಒಪ್ಪಂದವಾಯಿತು: ಒಂದು ರಜೆಗೆ ಒಂದೇ ರೀಲು, 36 ಚಿತ್ರ. ಪ್ರತಿ ಚಿತ್ರಕ್ಕೂ ದೂರ, ರಂಧ್ರ, ಷಟರ್ ವೇಗ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೊಬೈಲಿನಲ್ಲಿ ಒಂದು ಸಂಜೆಗೆ ನೂರು ಚಿತ್ರ ತೆಗೆಯುವ ಹುಡುಗನಿಗೆ ಇದು ಬೇರೆಯೇ ಪಾಠ. ಒತ್ತುವ ಮೊದಲು ಯೋಚಿಸುವುದನ್ನು ಇದು ಕಲಿಸುತ್ತದೆ.

ಅವನಿಗೇ ಕೊಟ್ಟದ್ದಕ್ಕೆ ಇನ್ನೊಂದು ಕಾರಣವಿದೆ. ಕಡೂರೂ ಶೃಂಗೇರಿಯೂ ಒಂದೇ ಜಿಲ್ಲೆಯವು, ಹವೆ ಮಾತ್ರ ಬೇರೆ. ಆಗುಂಬೆಯ ಮಳೆಯ ಹತ್ತರಲ್ಲೊಂದು ಪಾಲು ಬಿದ್ದರೆ ಕಡೂರಿನವರಿಗೆ ತೃಪ್ತಿ. ಅಲ್ಲಿ ಬೆಳಕು ಧಾರಾಳ, ಗಾಳಿ ಒಣದು. ಈ ಕ್ಯಾಮೆರಾಕ್ಕೆ ಬೇಕಾದ ಎರಡೂ ಅಲ್ಲಿವೆ.

ಇಟ್ಟರೆ ಉಳಿಯುವುದಿಲ್ಲ

ಮಲೆನಾಡಿನವರು ಗಮನಿಸಬೇಕಾದ ಮಾತಿದು. ನೆನಪಿಗೆಂದು ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟ ಕ್ಯಾಮೆರಾ ಇಲ್ಲಿ ಹಾಗೆಯೇ ಉಳಿಯುವುದಿಲ್ಲ. ಆಷಾಢದ ತೇವಕ್ಕೆ ಚಪ್ಪಲಿಗೆ ಬೂಷ್ಟು ಹಿಡಿಯುವಂತೆ ಮಸೂರಕ್ಕೂ ಹಿಡಿಯುತ್ತದೆ. ಜೇಡನ ಬಲೆಯಂಥ ಎಳೆಗಳು ಗಾಜಿನ ಮೇಲೆ ಹರಡುತ್ತವೆ, ಬಹಳ ದಿನ ಬಿಟ್ಟರೆ ಗಾಜಿನ ಲೇಪವನ್ನೇ ತಿಂದುಹಾಕುತ್ತವೆ. ದೂರಮಾಪಕದ ಕನ್ನಡಿಗಳೂ ಮಂಜಾಗುತ್ತವೆ. ಚರ್ಮದ ಚೀಲ ತೇವವನ್ನು ಹಿಡಿದಿಟ್ಟು ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಇಟ್ಟುಕೊಳ್ಳಲೇಬೇಕೆಂದರೆ ಚೀಲದಿಂದ ಹೊರತೆಗೆದು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಪೊಟ್ಟಣವನ್ನು ಆಗಾಗ ಬದಲಿಸಿ. ತಿಂಗಳಿಗೊಮ್ಮೆಯಾದರೂ ಹೊರತೆಗೆದು ಷಟರ್ ಒತ್ತಿ ನೋಡಿ.

ಕೊಡುವ ಮುನ್ನ ಪರೀಕ್ಷಿಸಿ

ಅವಸರದಲ್ಲಿ ಕೊಟ್ಟು ಆಮೇಲೆ ಪರಿತಪಿಸುವುದು ಬೇಡ. ತೊಂದರೆ ಯಾರದ್ದೆಂದು ಮೊದಲು ತಿಳಿಯಬೇಕು. ರಜೆಯಲ್ಲಿ ಮಕ್ಕಳೊಡನೆ ಕೂತು ಮಾಡಬಹುದಾದ ಪ್ರಯೋಗಗಳಿವು:

1. ಮಸೂರದ ಉಂಗುರವನ್ನು ಅನಂತದ ಗುರುತಿಗೆ ತಂದು ದೂರದ ಗುಡ್ಡದ ನೆತ್ತಿಯನ್ನೋ ಚಂದ್ರನನ್ನೋ ನೋಡಿ. ಎರಡು ಬಿಂಬಗಳು ಒಂದಾಗಲೇಬೇಕು. ಪಕ್ಕಕ್ಕೋ ಮೇಲಕ್ಕೋ ಸರಿದಿದ್ದರೆ ಕ್ಯಾಮೆರಾ ಎಲ್ಲೋ ಪೆಟ್ಟು ತಿಂದಿದೆ, ಬಲ್ಲ ಮೆಕ್ಯಾನಿಕ್ ಸರಿಪಡಿಸಬಲ್ಲ.

2. ಅಳತೆಪಟ್ಟಿ ಹಿಡಿದು ಜಗುಲಿಯ ಕಂಬದಿಂದ ಸರಿಯಾಗಿ 3 ಮೀಟರ್ ದೂರದಲ್ಲಿ ನಿಲ್ಲಿ. ಕಂಬದ ಅಂಚಿಗೆ ಹಗಲಲ್ಲಿ 10 ಸಲ, ರಾತ್ರಿ ದೀಪದಲ್ಲಿ 10 ಸಲ ಫೋಕಸ್ ಮಾಡಿ, ಪ್ರತಿ ಸಲ ಮಸೂರದ ಮೇಲಿನ ಅಂಕಿ ಬರೆದುಕೊಳ್ಳಿ. ಹಗಲಲ್ಲೂ ಅಂಕಿ ತಪ್ಪಿದರೆ ತೊಂದರೆ ಕ್ಯಾಮೆರಾದ್ದು. ಹಗಲಲ್ಲಿ ಸರಿ, ರಾತ್ರಿ ಚೆಲ್ಲಾಪಿಲ್ಲಿ ಎಂದಾದರೆ ಬೆಳಕಿನದೋ ಕಣ್ಣಿನದೋ ಇರಬೇಕು. ಅದೇ ರಾತ್ರಿ ಮನೆಯ ಕಿರಿಯರಿಗೆ ಸರಿಯಾಗಿ ಬಂದರೆ ಕಣ್ಣಿನದೇ. ಕನ್ನಡಕದ ನಂಬರು ಪರೀಕ್ಷಿಸಿಕೊಂಡು ಬಹಳ ದಿನವಾಗಿದ್ದರೆ ಮೊದಲು ಕಣ್ಣಿನ ವೈದ್ಯರ ಬಳಿ ಹೋಗಿ.

3. ಕಿಟಕಿಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ನೋಡುವ ಕಿಟಕಿಯ ಹೊರಗೆ, ಚೌಕ ಕಾಣುವ ಜಾಗಕ್ಕೆ ಸರಿಯಾಗಿ ಅರೆಪಾರದರ್ಶಕ ಟೇಪಿನ ಚಿಕ್ಕ ಚೂರು ಅಂಟಿಸಿ. ಮೊದಲ ಬಿಂಬ ಅಲ್ಲಿ ಮಂಕಾಗಿ ಎರಡನೆಯದು ಎದ್ದು ಕಾಣುತ್ತದೆ. ಖರ್ಚಿಲ್ಲದ ಈ ಉಪಾಯದಿಂದಲೇ ಕೆಲವೊಮ್ಮೆ ಕ್ಯಾಮೆರಾ ಉಳಿದುಕೊಳ್ಳುತ್ತದೆ.

4. ಕತ್ತಲಲ್ಲಿ ಮುಖದ ಮೇಲೆ ಹೆಣಗಾಡುವ ಬದಲು ಅಷ್ಟೇ ದೂರದಲ್ಲಿರುವ ಹಿತ್ತಾಳೆ ದೀಪದ ಹೊಳಪಿಗೋ, ಬೆಳಕು ಬಿದ್ದ ಬಾಗಿಲ ಅಂಚಿಗೋ ಫೋಕಸ್ ಮಾಡಿ. ಅದೂ ಆಗದಿದ್ದರೆ ದೂರವನ್ನು ಅಳತೆಪಟ್ಟಿಯಲ್ಲೇ ಅಳೆದು ಉಂಗುರವನ್ನು ಆ ಅಂಕಿಗೆ ತಿರುಗಿಸಿ.

5. ಹಿಂಬಾಗಿಲು ತೆರೆದು, ಷಟರನ್ನು ಬಿ ಗುರುತಿನಲ್ಲಿ ಒತ್ತಿ ಹಿಡಿದು, ಮಸೂರದ ಮೂಲಕ ಟಾರ್ಚ್ ಹಾಯಿಸಿ ನೋಡಿ. ಬೂಷ್ಟಿನ ಎಳೆ ಕಂಡರೆ ತೆಗೆದುಕೊಳ್ಳುವವರಿಗೆ ಮುಚ್ಚಿಡದೆ ತಿಳಿಸಿ.

ಇಷ್ಟೆಲ್ಲ ಮಾಡಿಯೂ ನಿಮಗೆ ಬೇಕಾದ ಚಿತ್ರ ಬಾರದಿದ್ದರೆ ಕ್ಯಾಮೆರಾವನ್ನು ನಿಶ್ಚಿಂತೆಯಿಂದ ಬೇರೆಯವರಿಗೆ ಕೊಡಬಹುದು.

ತತ್ವ ಎಲ್ಲಿಗೂ ಹೋಗಿಲ್ಲ

ಹೊಸ ಕ್ಯಾಮೆರಾ ಬಂದಾಕ್ಷಣ ಹಳೆಯ ತತ್ವ ಸತ್ತಿತೆಂದು ತಿಳಿಯಬೇಕಿಲ್ಲ. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿಯೂ ಹಲವು ಮೊಬೈಲುಗಳಲ್ಲಿಯೂ ಇರುವ ಸ್ವಯಂಚಾಲಿತ ಫೋಕಸ್, ಮಸೂರದ ಎರಡು ಬದಿಗಳಿಂದ ಬಂದ ಬೆಳಕಿನ ಎರಡು ಬಿಂಬಗಳನ್ನು ಹೋಲಿಸಿ, ಅವು ಒಂದಾಗುವಂತೆ ಮಸೂರವನ್ನು ಸರಿಸುತ್ತದೆ. ಹೋಲಿಸುವ ಕೆಲಸ ಕಣ್ಣಿನ ಬದಲು ವಿದ್ಯುನ್ಮಾನ ಸಂವೇದಕದ್ದು, ಅಷ್ಟೇ. ಬೆಳಕು ತೀರಾ ಕಡಿಮೆಯಾದಾಗ, ಹಿಡಿಯಲು ಅಂಚು ಸಿಗದಾಗ ಅದೂ ತಡವರಿಸುತ್ತದೆ. ಮೊಬೈಲಿನ ಚಿತ್ರ ಒಮ್ಮೆ ಮಸುಕಾಗಿ, ಒಮ್ಮೆ ಸ್ಪಷ್ಟವಾಗಿ ಹಿಂದೆಮುಂದೆ ಆಡುವುದನ್ನು ನೀವೇ ನೋಡಿರುತ್ತೀರಿ.

ಆದ್ದರಿಂದ ಪಾಲಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಅಂಥ ಕ್ಯಾಮೆರಾ ಇದ್ದರೆ ಗುಜರಿಯವನಿಗೆ ಹಾಕಬೇಡಿ, ಕಪಾಟಿನಲ್ಲಿ ಕೊಳೆಯಲೂ ಬಿಡಬೇಡಿ. ಮಕ್ಕಳ ಕೈಗೆ ಕೊಟ್ಟು ಆ ಎರಡು ಬಿಂಬಗಳನ್ನು ಒಮ್ಮೆ ಕೂಡಿಸಲು ಹೇಳಿ. ಪುಸ್ತಕದಲ್ಲಿ ಓದಿದ ತ್ರಿಭುಜ ಕಣ್ಣೆದುರೇ ಕೆಲಸ ಮಾಡುವುದನ್ನು ಅವರು ನೋಡಲಿ. ಆಮೇಲೆ ಅವರು ಅದನ್ನು ಇಟ್ಟುಕೊಳ್ಳಲಿ, ಅಥವಾ ಅದಕ್ಕೆ ತಕ್ಕ ಬೆಳಕೂ ಕಣ್ಣೂ ಇರುವವರಿಗೆ ಒಪ್ಪಿಸಲಿ. ಕೊಡುವಾಗ ಒಂದು ಚೀಟಿಯಲ್ಲಿ ಅದರ ಗುಣವನ್ನೂ ಮಿತಿಯನ್ನೂ ಬರೆದಿಟ್ಟರೆ ತೆಗೆದುಕೊಂಡವರಿಗೆ ಉಪಕಾರ. ನಾನು ಬರೆದುಕೊಟ್ಟದ್ದು ಎರಡೇ ಸಾಲು: ಹಗಲಲ್ಲಿ ಕಣ್ಣುಮುಚ್ಚಿ ನಂಬಬಹುದು, ರಾತ್ರಿ ಅಳತೆಪಟ್ಟಿ ಜೊತೆಗಿರಲಿ.